ಹೊಲದ ಅಳತೆಗೆ ಕೈ ಜಿಪಿಎಸ್: ಕೊಳ್ಳುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಭಾಲ್ಕಿ, ಔರಾದ ತಾಲ್ಲೂಕುಗಳ ಕಪ್ಪು ಭೂಮಿಯಲ್ಲಿ ಸೋಯಾ ಅವರೆ, ತೊಗರಿ, ಉದ್ದು ಬೆಳೆಯುವ ರೈತ ಬಾಂಧವರನ್ನು ‘ನಿಮ್ಮ ಹೊಲ ಎಷ್ಟು?’ ಎಂದು ಕೇಳಿದರೆ ಪಹಣಿಯಲ್ಲಿರುವ ಅಂಕಿಯನ್ನೇ ಹೇಳುತ್ತಾರೆ. ಆದರೆ ಬಿತ್ತುವ ನೆಲ ಅಷ್ಟೇ ಇರುವುದಿಲ್ಲ. ಬದು, ಬಾವಿ, ಕಣ, ಬಂಡಿ ದಾರಿ, ಹಳ್ಳದ ಕೊರಕಲು ಇವೆಲ್ಲ ಸೇರಿ ಪಹಣಿಯ 3 ಎಕರೆಯಲ್ಲಿ ನಿಜವಾಗಿ ಕೂರಿಗೆ ಓಡುವ ನೆಲ 2 ಎಕರೆ 20 ಗುಂಟೆ ಇರಬಹುದು. ಎಕರೆಗೆ 25 ಕಿಲೋದಂತೆ ಸೋಯಾ ಬೀಜ ತಂದರೆ ಅರ್ಧ ಎಕರೆಯ ಬೀಜ, ಅಂದರೆ ಹನ್ನೆರಡು ಕಿಲೋಗೂ ಹೆಚ್ಚು ವ್ಯರ್ಥ. ಕಳೆನಾಶಕವನ್ನು ಇದೇ ಲೆಕ್ಕದಲ್ಲಿ ಹೊಡೆದರೆ ಬೆಳೆಗೇ ಪೆಟ್ಟು. ಕಟಾವು ಯಂತ್ರದವರು ಬಾಡಿಗೆ ಕೇಳುವುದೂ ಎಕರೆ ಲೆಕ್ಕದಲ್ಲಿಯೇ. ಈ ಕಾರಣದಿಂದ ಕೈಯಲ್ಲಿ ಹಿಡಿದು ಹೊಲ ಸುತ್ತುವ ಜಿಪಿಎಸ್ ಯಂತ್ರವನ್ನು ಕೊಳ್ಳಬಹುದೇ ಎಂದು ಹಲವರು ವಿಚಾರಿಸುತ್ತಿದ್ದಾರೆ.

ಮೊದಲು ಇದು ಕೆಲಸ ಮಾಡುವ ಬಗೆಯನ್ನು ತಿಳಿಯೋಣ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಸಮಯವನ್ನು ಸಾರುತ್ತಿರುತ್ತವೆ. ಸಂಕೇತ ಹೊರಟ ಸಮಯಕ್ಕೂ ತಲಪಿದ ಸಮಯಕ್ಕೂ ಇರುವ ಅಂತರದಿಂದ ಯಂತ್ರವು ದೂರವನ್ನು ಲೆಕ್ಕ ಹಾಕುತ್ತದೆ. ಸಂಕೇತದ ವೇಗ ಸೆಕೆಂಡಿಗೆ 3 ಲಕ್ಷ ಕಿ.ಮೀ. ಆದುದರಿಂದ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ದೂರದಲ್ಲಿ 300 ಮೀಟರ್ ತಪ್ಪುತ್ತದೆ. ಕೈಯಂತ್ರದ ಗಡಿಯಾರ ಅಷ್ಟು ನಿಖರವಲ್ಲ. ಆ ಕೊರತೆಯನ್ನು ಸರಿಪಡಿಸಲು ಮೂರರ ಬದಲು ಕನಿಷ್ಠ ನಾಲ್ಕು ಉಪಗ್ರಹಗಳು ಬೇಕಾಗುತ್ತವೆ. ತೆರೆದ ಬಯಲಿನಲ್ಲಿ ಇವು ಸುಲಭವಾಗಿ ಸಿಗುತ್ತವೆ. ಹುಣಸೆ ಮರದ ಕೆಳಗೆ, ತಗಡಿನ ಚಾವಣಿಯ ಅಡಿಯಲ್ಲಿ, ಬೀದರ ಕೋಟೆಯ ಗೋಡೆಯಂಥ ಎತ್ತರದ ಕಟ್ಟಡದ ಮಗ್ಗುಲಲ್ಲಿ ಸಿಗುವುದು ಕಷ್ಟ. 2000ದ ಮೇ ತಿಂಗಳವರೆಗೆ ಅಮೆರಿಕವು ನಾಗರಿಕರ ಸಂಕೇತವನ್ನು ಬೇಕೆಂದೇ ಮಸುಕು ಮಾಡುತ್ತಿತ್ತು. ಆಗ ನೂರು ಮೀಟರಿನಷ್ಟು ವ್ಯತ್ಯಾಸ ಬರುತ್ತಿತ್ತು. ಈಗ ಬಯಲಿನಲ್ಲಿ ಸಾಮಾನ್ಯ ಯಂತ್ರದ ವ್ಯತ್ಯಾಸ 3ರಿಂದ 5 ಮೀಟರ್.

ಈ 3ರಿಂದ 5 ಮೀಟರ್ ಎಂಬ ಮಾತನ್ನು ರೈತರು ಚೆನ್ನಾಗಿ ಮನಗಾಣಬೇಕು. ಹೊಲವನ್ನು ಒಂದೇ ಸಲ, ಹತ್ತಾರು ನಿಮಿಷದಲ್ಲಿ ಸುತ್ತಿದಾಗ ತಪ್ಪು ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ವಾಲಿರುತ್ತದೆ. ಇಡೀ ನಕಾಶೆ ಸ್ವಲ್ಪ ಸರಿಯುತ್ತದೆಯೇ ಹೊರತು ವಿಸ್ತೀರ್ಣ ಅಷ್ಟಾಗಿ ಕೆಡುವುದಿಲ್ಲ. ಅಂಚಿನುದ್ದಕ್ಕೂ 1 ಮೀಟರ್ ಹೊರಗೆ ಬಿದ್ದಿತೆಂದು ಇಟ್ಟುಕೊಳ್ಳಿ. 10 ಗುಂಟೆಯ ತುಂಡಿನಲ್ಲಿ ಇದರಿಂದ ಸುಮಾರು ಒಂದೂವರೆ ಗುಂಟೆ ಹೆಚ್ಚಾಗುತ್ತದೆ, ನೂರಕ್ಕೆ ಹದಿನಾಲ್ಕರಷ್ಟಾಯಿತು. ಒಂದು ಎಕರೆಯಲ್ಲಿ ಎರಡೂವರೆ ಗುಂಟೆ, ಅಂದರೆ ನೂರಕ್ಕೆ ಆರೇಳು. ಚೌಕಾಕಾರದ 10 ಎಕರೆಯಲ್ಲಿ 8 ಗುಂಟೆ, ನೂರಕ್ಕೆ ಎರಡು ಮಾತ್ರ. ತುಂಡು ದೊಡ್ಡದಾದಷ್ಟೂ ಅಳತೆ ನಂಬಲು ಯೋಗ್ಯ. ತರಕಾರಿ ಮಡಿಗೆ, ಸಸಿಮಡಿಗೆ ಹಗ್ಗವೇ ಮೇಲು.

ಬದುವಿನ ಜಗಳಕ್ಕೆ ಇದು ಸಾಕ್ಷಿಯಲ್ಲ

ನೆರೆಯವನು ಬದು ಒತ್ತಿದ್ದಾನೆಂಬ ಸಂಶಯ ಬಂದಾಗ ಯಂತ್ರ ಹಿಡಿದು ಹೊರಡುವ ಮನಸ್ಸಾಗುವುದು ಸಹಜ. ಹಾಗೆ ಮಾಡಬೇಡಿ. 100 ಮೀಟರ್ ಉದ್ದದ ಬದುವಿನಲ್ಲಿ 3 ಮೀಟರ್ ಆಚೀಚೆಯಾದರೆ 3 ಗುಂಟೆ ಈ ಕಡೆಗೋ ಆ ಕಡೆಗೋ ಹೋಯಿತು. ಅಣ್ಣತಮ್ಮಂದಿರು ಮಾತು ಬಿಡಲು ಅಷ್ಟು ಸಾಕು. ಬೆಳಿಗ್ಗೆ ನಿಮ್ಮ ಪರವಾಗಿ ತೋರಿಸಿದ ಯಂತ್ರ ಸಂಜೆ ಅವನ ಪರವಾಗಿ ತೋರಿಸಬಹುದು. ಫೋನಿನ ನಕಾಶೆಯಲ್ಲಿ ಸರ್ವೆ ನಂಬರಿನ ಗೆರೆಯನ್ನೂ ನಿಮ್ಮನ್ನು ಸೂಚಿಸುವ ಚುಕ್ಕೆಯನ್ನೂ ಒಟ್ಟಿಗೆ ಕಂಡಾಗಲೂ ಇದೇ ಮಾತು ಅನ್ವಯಿಸುತ್ತದೆ. ಹದ್ದುಬಸ್ತಿಗೆ ಅರ್ಜಿ ಕೊಟ್ಟು ಭೂಮಾಪಕರಿಂದ ಬಾಂದುಕಲ್ಲು ಗುರುತಿಸಿಕೊಳ್ಳುವುದೇ ದಾರಿ. ಸೆಂಟಿಮೀಟರ್ ಲೆಕ್ಕದಲ್ಲಿ ಅಳೆಯುವ ಉಪಗ್ರಹ ಉಪಕರಣಗಳೂ ಇವೆ. ಅವುಗಳ ಬೆಲೆ, ಕೆಲಸದ ಕ್ರಮ ಎರಡೂ ಬೇರೆ. ಅವು ನಮ್ಮ ಕೈಯಂತ್ರದ ಜಾತಿಯಲ್ಲ.

ಇಳಿಜಾರಿಗೆ ಅಡ್ಡಲಾಗಿ ಸಮಪಾತಳಿ ಬದು ಹಾಕುವವರಿಗೂ ಎಚ್ಚರಿಕೆ ಹೇಳಬೇಕು. ಜಿಪಿಎಸ್ ತೋರಿಸುವ ಎತ್ತರದಲ್ಲಿ ತಪ್ಪು ಇನ್ನೂ ಹೆಚ್ಚು. ಹತ್ತು ಮೀಟರ್ ಕೂಡ ಆಗಬಹುದು. ಬದುಗಳ ನಡುವೆ ನಾವು ಬಿಡುವ ಇಳಿತವೇ ಒಂದು ಮೀಟರಿನ ಆಸುಪಾಸು. ಈ ಯಂತ್ರ ನಂಬಿ ಬದು ಹಾಕಿದರೆ ಮೊದಲ ದೊಡ್ಡ ಮಳೆಗೇ ನೀರು ಒಂದು ಕಡೆ ನುಗ್ಗಿ ಬದು ಒಡೆದೀತು. ಅದಕ್ಕೆ ನೀರು ತುಂಬಿದ ಪಾರದರ್ಶಕ ಕೊಳವೆ ಅಥವಾ ‘ಎ’ ಆಕಾರದ ಚೌಕಟ್ಟು ಅಗ್ಗ ಮತ್ತು ನಂಬಿಕಸ್ತ.

ಹಾಗಾದರೆ ಉಪಯೋಗವೇನು? ವಿಸ್ತೀರ್ಣದ ಜೊತೆಗೆ ಹಿಂದಿನ ಜಾಗಕ್ಕೆ ಮರಳಿ ಹೋಗುವುದೇ ಇದರ ದೊಡ್ಡ ಗುಣ. ತೊಗರಿಯಲ್ಲಿ ನೆಟೆರೋಗ ಕಂಡ ಜಾಗವನ್ನು ಗುರುತಿಸಿಟ್ಟರೆ ಮುಂದಿನ ವರ್ಷ ಅಲ್ಲಿಯೇ ಬೇರೆ ಬೆಳೆ ಹಾಕಬಹುದು. ಮಣ್ಣಿನ ಮಾದರಿ ತೆಗೆದ ಜಾಗದಿಂದಲೇ ಮತ್ತೆ ಮಾದರಿ ತೆಗೆದರೆ ಹೋಲಿಕೆಗೆ ಅರ್ಥ ಬರುತ್ತದೆ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯಲ್ಲಿ ಮಳೆಯಾಶ್ರಿತ ಭೂಮಿಗೆ 10 ಹೆಕ್ಟೇರಿಗೊಂದು, ನೀರಾವರಿ ಭೂಮಿಗೆ ಎರಡೂವರೆ ಹೆಕ್ಟೇರಿಗೊಂದು ಮಾದರಿಯಂತೆ ಜಿಪಿಎಸ್ ನೆರವಿನಿಂದ ಮಣ್ಣು ತೆಗೆಯುವ ಕ್ರಮವಿತ್ತು. ಬೀದರ ನಗರದ ಸುತ್ತಲಿನ ಕೆಂಪು ಜಂಬಿಟ್ಟಿಗೆ ನೆಲ ಬೇರೆ, ಔರಾದ ಕಡೆಯ ಎರೆ ಬೇರೆ. ಇವೆರಡೂ ಬಣ್ಣದಲ್ಲೇ ತಿಳಿಯುತ್ತವೆ. ಒಂದೇ ಹೊಲದೊಳಗಿನ ವ್ಯತ್ಯಾಸಕ್ಕೆ ಗುರುತು ಬೇಕು.

ಸ್ಥಾನದ ಅಂಕಿ ಬರೆದುಕೊಳ್ಳುವಾಗ ದಶಾಂಶ ಪದ್ಧತಿಯನ್ನೇ ಆರಿಸಿ, ಬಿಂದುವಿನ ನಂತರ ಐದು ಅಂಕಿ ಬರೆಯಿರಿ. ಐದನೆಯ ಅಂಕಿಯ ಬೆಲೆ ಸುಮಾರು 1 ಮೀಟರ್, ನಾಲ್ಕನೆಯದರ ಬೆಲೆ 11 ಮೀಟರ್. ಔರಾದ ಪಟ್ಟಣ ಸುಮಾರು 18.25 ಡಿಗ್ರಿ ಉತ್ತರದಲ್ಲಿದೆ. ಡಿಗ್ರಿ-ಮಿನಿಟ್ ಪದ್ಧತಿಯಲ್ಲಿ ಅದೇ 18 ಡಿಗ್ರಿ 15 ಮಿನಿಟ್. ಯಾರಾದರೂ ಇದನ್ನು 18.15 ಎಂದು ಬರೆದರೆ ನಿಮ್ಮ ಹೊಲ ಕಾಗದದ ಮೇಲೆ 11 ಕಿ.ಮೀ. ದಕ್ಷಿಣಕ್ಕೆ ಹೋಗಿ ಕೂರುತ್ತದೆ! ಸಹಾಯಧನದ ಕಡತದಲ್ಲಿ ಇಂಥ ತಪ್ಪು ನುಸುಳಿದರೆ ತಿದ್ದಿಸಲು ಅಲೆದಾಟ ತಪ್ಪಿದ್ದಲ್ಲ.

ಯಾವುದನ್ನು ಕೊಳ್ಳಬೇಕು?

ಮನೆಯಲ್ಲಿ ಒಳ್ಳೆಯ ಮೊಬೈಲ್ ಫೋನ್ ಇದ್ದರೆ ಬಯಲು ಹೊಲದ ವಿಸ್ತೀರ್ಣಕ್ಕೆ ಮೊದಲು ಅದನ್ನೇ ಬಳಸಿ ನೋಡಿ. ನಿಖರತೆಯಲ್ಲಿ ಅಗ್ಗದ ಕೈಯಂತ್ರಕ್ಕೆ ಅದು ಹೆಚ್ಚೇನೂ ಕಡಿಮೆಯಲ್ಲ. ನೆಟ್‌ವರ್ಕ್ ಇಲ್ಲದಿದ್ದರೂ ಫೋನಿನ ಜಿಪಿಎಸ್ ಕೆಲಸ ಮಾಡುತ್ತದೆ. ಸ್ಥಾನ ಹಿಡಿಯಲು ತಡವಾಗುತ್ತದೆ, ನಕಾಶೆಯನ್ನು ಮೊದಲೇ ಉಳಿಸಿಟ್ಟಿರಬೇಕು, ಅಷ್ಟೇ. ಮಳೆ, ಕೆಸರು, ಬಿಸಿಲು, ದಿನವಿಡೀ ಸುತ್ತಾಟ ಇರುವವರಿಗೆ ಬೇರೆ ಯಂತ್ರ ಬೇಕಾದೀತು. ಹಲವರು ಸೇರಿ ಒಂದನ್ನು ಕೊಳ್ಳುವುದು ನನಗೆ ಹೆಚ್ಚು ಸರಿಯೆನಿಸುತ್ತದೆ. ಬೆಲೆಯನ್ನು ಇಲ್ಲಿ ಬರೆದರೆ ಪತ್ರಿಕೆ ನಿಮ್ಮ ಕೈ ಸೇರುವಷ್ಟರಲ್ಲಿ ಬದಲಾಗಿರುತ್ತದೆ.

ಅಂಗಡಿಯಲ್ಲಿ ನೋಡಬೇಕಾದದ್ದು ಇಷ್ಟು. ವಿಸ್ತೀರ್ಣ ಅಳೆಯುವ ಸೌಲಭ್ಯ ಇರಲೇಬೇಕು. ಪರದೆ ನಡುಮಧ್ಯಾಹ್ನದ ಬಿಸಿಲಿನಲ್ಲಿ ಕಾಣಬೇಕು. ಅಂಗಡಿಯ ಹೊರಗೆ ತಂದು ನೋಡಿ. ಒದ್ದೆ ಕೈಗೆ ಗುಂಡಿಗಳಿರುವ ಯಂತ್ರವೇ ಅನುಕೂಲ. ಸಾಮಾನ್ಯ ಬ್ಯಾಟರಿ ಸೆಲ್ಲು ಹಾಕುವ ಮಾದರಿಯಾದರೆ ಹಳ್ಳಿಯಲ್ಲೂ ಸೆಲ್ಲು ಸಿಗುತ್ತದೆ. ಬಣ್ಣದ ನಕಾಶೆ, ದಿಕ್ಸೂಚಿ, ವಾಯುಭಾರದಿಂದ ಎತ್ತರ ತಿಳಿಸುವ ಸೌಲಭ್ಯ ಇವುಗಳಿಗೆ ಹಣ ಕೊಡುವುದು ಬೆಟ್ಟ ಹತ್ತುವವರಿಗೆ ಸರಿ, ಒಕ್ಕಲುತನಕ್ಕೆ ಬೇಡ.

‘ಐಪಿಎಕ್ಸ್ 7’ ಎಂದು ಬರೆದಿದ್ದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ತಡೆಯುತ್ತದೆ ಎಂದರ್ಥ, ತೇಲುತ್ತದೆ ಎಂದಲ್ಲ. ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯದಂಥ ಕಡೆ ತೆಪ್ಪದಲ್ಲಿ ಹೋಗಿ ಬಲೆ ಬಿಡುವವರು ಇದನ್ನು ಗಮನಿಸಿ, ಯಂತ್ರವನ್ನು ದಾರದಿಂದ ಮೈಗೆ ಕಟ್ಟಿಕೊಳ್ಳಲಿ. ಬಲೆ ಬಿಟ್ಟ ಜಾಗ, ನೀರಿನಡಿಯ ಮರದ ಬೊಡ್ಡೆ, ದಡ ಸೇರುವ ಜಾಗ ಗುರುತಿಸಲು ಅವರಿಗೆ ಇದು ಒಳ್ಳೆಯ ಸಂಗಾತಿ.

ಹಳೆಯ ಯಂತ್ರ ಕೊಳ್ಳುವವರು ಸೆಲ್ಲಿನ ಮನೆಯಲ್ಲಿ ತುಕ್ಕು ಇದೆಯೇ ಎಂದು ನೋಡಿ, ಬಯಲಿನಲ್ಲಿ ಚಾಲೂ ಮಾಡಿ ತಾರೀಖು ಓದಿ. ಜಿಪಿಎಸ್ ವಾರಗಳ ಎಣಿಕೆ 1024 ತಲಪಿ ಮತ್ತೆ ಸೊನ್ನೆಗೆ ಬರುತ್ತದೆ. 2019ರ ಏಪ್ರಿಲ್‌ನಲ್ಲಿ ಹಾಗಾದಾಗ ಕೆಲವು ಹಳೆಯ ಯಂತ್ರಗಳ ತಾರೀಖು ಕೆಟ್ಟಿತು.

ಹಣ ಕೊಡುವ ಮೊದಲು ಪರೀಕ್ಷೆ ಮಾಡಿ. 33 ಅಡಿಯ ಸರಪಳಿಯಿಂದ 5 ಸರಪಳಿ ಅಗಲ, 8 ಸರಪಳಿ ಉದ್ದದ ತುಂಡನ್ನು ಗುರುತಿಸಿದರೆ ಸರಿಯಾಗಿ 40 ಗುಂಟೆ, ಅಂದರೆ ಒಂದು ಎಕರೆ. ಮೂಲೆ ನೇರವಾಗಿರಲು ಹಗ್ಗದಲ್ಲಿ 3, 4, 5 ಮೊಳದ ತ್ರಿಕೋನ ಮಾಡಿಕೊಳ್ಳಿ. ಯಂತ್ರ ಚಾಲೂ ಮಾಡಿ ಹತ್ತು ಹದಿನೈದು ನಿಮಿಷ ಬಯಲಿನಲ್ಲಿಟ್ಟ ಮೇಲೆ ಅದನ್ನು ತಲೆಯ ಮಟ್ಟಕ್ಕೆ ಹಿಡಿದು, ಅಂಚಿನ ಮೇಲೆಯೇ ನಡೆದು ಮೂರು ಸಲ ಸುತ್ತಿ. ಮೂರೂ ಅಳತೆ 37ರಿಂದ 43 ಗುಂಟೆಯೊಳಗೆ ಬಂದರೆ ಕೊಳ್ಳಿ. ಒಂದು ಸಲ 35, ಇನ್ನೊಂದು ಸಲ 44 ತೋರಿಸಿದರೆ ಅಂಗಡಿಯವರಿಗೆ ಹಿಂದಿರುಗಿಸಿ.