ಕಬ್ಬು ಕಡಿಯುವವರ ಸೊಂಟ: ಮೊಮೆಂಟ್ ಲೆಕ್ಕದ ಒಂದು ಪಾಠ

ಮೊದಲ ವರ್ಷದ ಮೆಕ್ಯಾನಿಕ್ಸ್‌ನಲ್ಲಿ ಕ್ಯಾಂಟಿಲಿವರ್ ಬೀಮ್ ಲೆಕ್ಕ ಮಾಡಿ ಮಾಡಿ ಬೇಸತ್ತವರೇ ನಾವೆಲ್ಲ. ಒಂದು ತುದಿ ಗೋಡೆಗೆ, ಇನ್ನೊಂದು ತುದಿಗೆ ಭಾರ, ಮೊಮೆಂಟ್ ಎಷ್ಟು? ಪರೀಕ್ಷೆ ಮುಗಿದ ಮೇಲೆ ಅದನ್ನು ಮರೆತೂ ಬಿಟ್ಟಿದ್ದೇವೆ. ಈ ಸಂಚಿಕೆಯ ಪಾಠದಲ್ಲಿ ಅದೇ ಲೆಕ್ಕವನ್ನು ಬೇರೊಂದು ಬೀಮ್ ಮೇಲೆ ಮಾಡೋಣ. ಆ ಬೀಮ್ ಕಬ್ಬು ಕಡಿಯುವವರ ಬೆನ್ನು.

ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆಯಿಂದ ಬಂದ ಗೆಳೆಯರಿಗೆ ಕಬ್ಬಿನ ಕಟಾವು ಹೊಸದೇನಲ್ಲ. ಕಡಿಯುವವರಿಗೆ ಸೊಂಟ ಹಿಡಿಯುತ್ತದೆ, ಮಣಿಕಟ್ಟು ನೋಯುತ್ತದೆ, ಮಂಡಿ ಊದುತ್ತದೆ ಅನ್ನೋದೂ ಗೊತ್ತು. "ವಯಸ್ಸಾಯ್ತಲ್ಲ" ಅಂತ ಹೇಳಿ ಸುಮ್ಮನಾಗುವುದು ರೂಢಿ. ಆದರೆ ಈ ನೋವಿನ ಬಹುಪಾಲು ಕಾರಣ ವಯಸ್ಸಲ್ಲ, ಭಾರ. ಭಾರ ಅಂದ ಮೇಲೆ ಲೆಕ್ಕ ಹಾಕಬಹುದು, ಕಡಿಮೆಯೂ ಮಾಡಬಹುದು.

ಬಾಗಲೇಬೇಕಾ?

ನೆಟ್ಟಗೆ ನಿಂತು ಕಡಿದರೆ ಆಗಲ್ವಾ ಅಂತ ಕೇಳಬಹುದು. ಬಲಿತ ಕಬ್ಬಿನಲ್ಲಿ ಸಕ್ಕರೆ ಹೆಚ್ಚಿರುವುದು ಬುಡದ ಗಿಣ್ಣುಗಳಲ್ಲಿ. ಮೇಲೆ ಕಡಿದರೆ ಆ ಸಕ್ಕರೆ ಗದ್ದೆಯಲ್ಲೇ ಉಳಿಯುತ್ತದೆ. ಕೂಳೆ ಬೆಳೆ ಚೆನ್ನಾಗಿ ಬರಬೇಕಾದರೂ ನೆಲಮಟ್ಟಕ್ಕೇ ಕಡಿಯಬೇಕು. ಹಾಗಾಗಿ ಒಂದು ಕೈಯಲ್ಲಿ ಜಲ್ಲೆ ಹಿಡಿದು, ಬಾಗಿ, ಇನ್ನೊಂದು ಕೈಯಲ್ಲಿ ಮಚ್ಚು ಬೀಸಬೇಕು. ಆಮೇಲೆ ತುದಿ ಸವರಿ, ತರಗು ಬಿಡಿಸಿ, ಹೊರೆ ಕಟ್ಟಿ, ಲಾರಿಗೋ ಟ್ರಾಕ್ಟರ್‌ಗೋ ಏರಿಸಬೇಕು.

ಬಾಗಿದಾಗ ಬೀಳುವ ಭಾರ

ಫ್ರೀ ಬಾಡಿ ಡಯಾಗ್ರಾಂ ಬರೆಯೋಣ. 60 ಕೆಜಿ ತೂಕದ ಒಬ್ಬರನ್ನು ತೆಗೆದುಕೊಳ್ಳಿ. ಸೊಂಟದ ಕೊನೆಯ ಡಿಸ್ಕ್, ಅಂದರೆ ಐದನೇ ಸೊಂಟದ ಕಶೇರುಕ ಮತ್ತು ತ್ರಿಕಾಸ್ಥಿಯ ನಡುವಿನ ಮೆತ್ತೆಯೇ ನಮ್ಮ ಪಿವಟ್. ಅದರ ಮೇಲಿನ ದೇಹದ ತೂಕ ಸುಮಾರು ಅರ್ಧ, 30 ಕೆಜಿ ಅಂತಿಟ್ಟುಕೊಳ್ಳೋಣ. ಲೆಕ್ಕಕ್ಕೆ ಸುಲಭವಾಗಲಿ ಅಂತ 300 ನ್ಯೂಟನ್. ಮುಂಡ ನೆಟ್ಟಗಿನ ನಿಲುವಿನಿಂದ 60 ಡಿಗ್ರಿ ಬಾಗಿದಾಗ ಈ ತೂಕ ಪಿವಟ್‌ನಿಂದ ಸುಮಾರು 25 ಸೆಂಟಿಮೀಟರ್ ಮುಂದೆ ಬರುತ್ತದೆ. ಮೊಮೆಂಟ್ 75 ನ್ಯೂಟನ್ ಮೀಟರ್.

ಇದನ್ನು ಹಿಡಿದು ನಿಲ್ಲಿಸುವುದು ಬೆನ್ನಿನ ಸ್ನಾಯುಗಳು. ತೊಂದರೆ ಇರುವುದು ಇಲ್ಲೇ. ಅವುಗಳಿಗೆ ಸಿಗುವ ಮೊಮೆಂಟ್ ಆರ್ಮ್ ಬರೀ 5 ಸೆಂಟಿಮೀಟರ್ ಆಸುಪಾಸು. 75 ಅನ್ನು 0.05ರಿಂದ ಭಾಗಿಸಿ: 1500 ನ್ಯೂಟನ್. ಸ್ನಾಯು ಎಳೆದಷ್ಟೂ ಡಿಸ್ಕ್ ಒತ್ತಿಕೊಳ್ಳುತ್ತದೆ. ದೇಹದ ತೂಕದಲ್ಲಿ ಡಿಸ್ಕ್‌ನ ದಿಕ್ಕಿಗೆ ಬರುವ ಪಾಲು 150 ಸೇರಿಸಿದರೆ ಒಟ್ಟು 1650 ನ್ಯೂಟನ್. ಅಂದರೆ ಕೈಯಲ್ಲಿ ಏನೂ ಇಲ್ಲದೆ ಸುಮ್ಮನೆ ಬಾಗಿದರೂ ಡಿಸ್ಕ್ ಮೇಲೆ 165 ಕೆಜಿ ಇಟ್ಟಷ್ಟು ಒತ್ತಡ.

ಹೊರೆ ಎತ್ತಿದಾಗ

ಈಗ ನೆಲದ ಮೇಲಿನ 30 ಕೆಜಿ ಹೊರೆಯನ್ನು ಹಾಗೇ ಬಾಗಿ ಎತ್ತಲಿ. ಹೊರೆ ಪಿವಟ್‌ನಿಂದ 45 ಸೆಂಟಿಮೀಟರ್ ದೂರ ಇದೆ ಅಂದರೆ ಹೆಚ್ಚುವರಿ ಮೊಮೆಂಟ್ 135. ಒಟ್ಟು 210 ನ್ಯೂಟನ್ ಮೀಟರ್. ಸ್ನಾಯುವಿನ ಬಲ 4200, ಡಿಸ್ಕ್ ಮೇಲಿನ ಒತ್ತಡ ಸುಮಾರು 4500 ನ್ಯೂಟನ್.

ಇದು ಹೆಚ್ಚೋ ಕಡಿಮೆಯೋ? ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ 1981ರ ತನ್ನ ಮಾರ್ಗಸೂಚಿಯಲ್ಲಿ ಸೊಂಟದ ಡಿಸ್ಕ್‌ಗೆ 3400 ನ್ಯೂಟನ್ ಅನ್ನು ಎಚ್ಚರಿಕೆಯ ಗೆರೆಯಾಗಿ ಇಟ್ಟಿತು. ಅದೇ ಸಂಸ್ಥೆಯ 1991ರ ಸೂತ್ರದಲ್ಲಿ ಎಲ್ಲ ಅನುಕೂಲ ಇದ್ದಾಗಲೂ ಎತ್ತುವ ಭಾರದ ಮಿತಿ 23 ಕೆಜಿ. ದೂರ, ತಿರುಚುವಿಕೆ, ಎಷ್ಟು ಸಲ ಎತ್ತುತ್ತಾರೆ ಅನ್ನುವುದೆಲ್ಲ ಸೇರಿದಂತೆ ಈ ಮಿತಿ ಇನ್ನೂ ಇಳಿಯುತ್ತದೆ.

ಹೊರೆ 20 ಕೆಜಿಗೆ ಇಳಿಸಿದರೆ? ಅದೇ ಭಂಗಿಯಲ್ಲಿ ಸುಮಾರು 3550. ಇನ್ನೂ ಗೆರೆಯ ಮೇಲೇ. "ಮಂಡಿ ಮಡಚಿ ಎತ್ತಿ" ಅಂತ ಸಲಹೆ ಕೊಡುವುದು ಸುಲಭ. ಭಾರ ಮೈಗೆ ಹತ್ತಿರ ಬಂದರೆ ಅದು ನಿಜಕ್ಕೂ ಉಪಯೋಗ. ಆದರೆ ಆಳುದ್ದದ ಕಬ್ಬಿನ ಹೊರೆ ಎರಡು ಮಂಡಿಯ ನಡುವೆ ಕೂರುವುದಿಲ್ಲ. ಅದೇ 20 ಕೆಜಿ ಹೊರೆ ನೆಲದ ಬದಲು ಸೊಂಟದೆತ್ತರದ ಒಂದು ಸ್ಟ್ಯಾಂಡ್ ಮೇಲಿದ್ದರೆ ಮುಂಡ ಹೆಚ್ಚುಕಡಿಮೆ ನೆಟ್ಟಗೇ ಇರುತ್ತದೆ. ದೇಹದ ತೂಕ 5 ಸೆಂಟಿಮೀಟರ್ ದೂರ, ಹೊರೆ 30 ಸೆಂಟಿಮೀಟರ್ ದೂರ ಅಂತ ಇಟ್ಟರೆ ಒತ್ತಡ ಸುಮಾರು 2000 ನ್ಯೂಟನ್. 4500 ಎಲ್ಲಿ, 2000 ಎಲ್ಲಿ!

ನಮ್ಮದು ಸರಳ ಮಾದರಿ. ಸ್ನಾಯು ಒಂದೇ ಅಂದುಕೊಂಡಿದ್ದೇವೆ, ಎತ್ತುವ ವೇಗ ಬಿಟ್ಟಿದ್ದೇವೆ. ಜರ್ಕ್ ಕೊಟ್ಟು ಎತ್ತಿದರೆ ನಿಜವಾದ ಭಾರ ಇದಕ್ಕಿಂತ ಹೆಚ್ಚೇ.

ಕ್ರೀಪ್ ಬರೀ ಲೋಹಕ್ಕಲ್ಲ

ಮೆಟೀರಿಯಲ್ ಸೈನ್ಸ್‌ನ ಕ್ರೀಪ್ ನೆನಪಿದೆಯಾ? ಸ್ಥಿರ ಭಾರದಲ್ಲಿ ಹೊತ್ತು ಕಳೆದಂತೆ ವಸ್ತು ನಿಧಾನವಾಗಿ ಹಿಗ್ಗುವುದು. ಪೂರ್ತಿ ಬಾಗಿದಾಗ ಬೆನ್ನಿನ ಸ್ನಾಯುಗಳು ಕೆಲಸ ಸಡಿಲಿಸಿ, ಭಾರವನ್ನು ಅಸ್ಥಿರಜ್ಜುಗಳಿಗೆ ದಾಟಿಸುತ್ತವೆ. ಅಸ್ಥಿರಜ್ಜು ವಿಸ್ಕೋಎಲಾಸ್ಟಿಕ್ ವಸ್ತು. ಬಹಳ ಹೊತ್ತು ಬಾಗಿದ್ದರೆ ಹಿಗ್ಗುತ್ತದೆ, ಎದ್ದು ನಿಂತ ತಕ್ಷಣ ಮೊದಲಿನ ಬಿಗುವು ಬರುವುದಿಲ್ಲ. ಆ ಹೊತ್ತಿನಲ್ಲಿ ಬೆನ್ನೆಲುಬಿನ ಕೀಲುಗಳಿಗೆ ಆಸರೆ ಕಡಿಮೆ. ಒಂದು ಸಾಲು ಕಡಿದು ಮುಗಿಸಿ ಕೂಡಲೇ ಹೊರೆ ಎತ್ತುವುದು ಇದಕ್ಕೇ ಅಪಾಯ. ಕೆಲವು ನಿಮಿಷ ನೆಟ್ಟಗೆ ನಿಂತು, ಓಡಾಡಿ, ಆಮೇಲೆ ಎತ್ತಿದರೆ ಒಳ್ಳೇದು.

ಕೈ, ಕುತ್ತಿಗೆ, ಮಂಡಿ

ಮಚ್ಚು ಮೊಂಡಾದರೆ ಪ್ರತಿ ಏಟಿಗೂ ಬಲ ಹೆಚ್ಚು ಬೇಕು, ಹಿಡಿಯೂ ಬಿಗಿಯಾಗಬೇಕು. ಮಣಿಕಟ್ಟು ಬಗ್ಗಿದ ಸ್ಥಿತಿಯಲ್ಲಿ ಬಿಗಿಹಿಡಿತ ದಿನವಿಡೀ ನಡೆದರೆ ಸ್ನಾಯುರಜ್ಜುಗಳು ಊದಿಕೊಂಡು, ಮಣಿಕಟ್ಟಿನ ಸುರಂಗದಲ್ಲಿ ಹಾಯುವ ನರವನ್ನು ಒತ್ತಬಹುದು. ರಾತ್ರಿ ಬೆರಳು ಜೋಮು ಹಿಡಿಯುವುದು ಇದರ ಲಕ್ಷಣ. ತಲೆಯ ಮೇಲೆ ಸಿಂಬೆ ಇಟ್ಟು ಹೊರೆ ಹೊತ್ತು ಹಲಗೆ ಏರುವಾಗ ಸೊಂಟದ ಮೊಮೆಂಟ್ ಕಡಿಮೆಯಾದರೂ ಪೂರ್ತಿ ಭಾರ ಕುತ್ತಿಗೆಯ ಮೂಲಕ ಇಳಿಯುತ್ತದೆ, ಮಂಡಿ ಪ್ರತಿ ಹೆಜ್ಜೆಗೂ ಅದನ್ನು ಎತ್ತಬೇಕು. ಹೊರೆ ಕಟ್ಟುವ, ಹೊರುವ ಕೆಲಸದಲ್ಲಿ ಹೆಂಗಸರ ಪಾಲು ದೊಡ್ಡದು.

ಡಯಾಗ್ರಾಂನಲ್ಲಿ ಕಾಣದ ಬಲ

ಹಾಗಾದರೆ ಸಣ್ಣ ಹೊರೆ ಕಟ್ಟಿ, ಆಗಾಗ ನಿಂತು ಕೆಲಸ ಮಾಡಲಿ ಅಂದುಬಿಡಬಹುದೇ? ಕಟಾವಿನ ಕೂಲಿ ಸಾಮಾನ್ಯವಾಗಿ ಟನ್ ಲೆಕ್ಕದಲ್ಲಿ. ನಿಂತ ನಿಮಿಷಕ್ಕೆ ಕೂಲಿ ಇಲ್ಲ, ಹೊರೆ ಸಣ್ಣದಾದರೆ ಹಲಗೆ ಹತ್ತುವ ಸಲ ಹೆಚ್ಚು. ಕಡಿದ ಕಬ್ಬು ಹೊತ್ತು ಕಳೆದಂತೆ ಸಕ್ಕರೆ ಕಳೆದುಕೊಳ್ಳುವುದರಿಂದ ಕಾರ್ಖಾನೆಗೂ ಅವಸರ. ಮಹಾರಾಷ್ಟ್ರದ ಬೀಡ್ ಕಡೆಯಿಂದ ಪಶ್ಚಿಮ ಮಹಾರಾಷ್ಟ್ರಕ್ಕೂ ನಮ್ಮ ಉತ್ತರ ಕರ್ನಾಟಕಕ್ಕೂ ಬರುವ ಗಂಡ-ಹೆಂಡತಿ ಜೋಡಿಗಳು ಮುಂಗಡ ಪಡೆದು ಬಂದಿರುತ್ತಾರೆ. ಕೆಲಸ ನಿಂತರೆ ಸಾಲ ನಿಲ್ಲುವುದಿಲ್ಲ. ಮಚ್ಚು ತಗುಲಿ ಕಾಲು ಕುಯ್ದರೆ ಅದು ಅಪಘಾತ, ಎಲ್ಲರಿಗೂ ಕಾಣುತ್ತದೆ. ಸೊಂಟ ಇಂಥ ದಿನವೇ ಕೆಟ್ಟಿತು ಅಂತ ತೋರಿಸಲು ಆಗುವುದಿಲ್ಲ, ಹಾಗಾಗಿ ಅದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಯಂತ್ರ ತರೋಣ ಅನ್ನುವುದು ನಮ್ಮಂಥವರಿಗೆ ಮೊದಲು ಹೊಳೆಯುವ ಉತ್ತರ. ಹಾರ್ವೆಸ್ಟರ್‌ಗೆ ಸಾಲುಗಳ ನಡುವೆ ಅಗಲ ಜಾಗ ಬೇಕು, ಸಣ್ಣ ತುಂಡು ಗದ್ದೆಯಲ್ಲಿ ಅದು ತಿರುಗುವುದೇ ಕಷ್ಟ. ಸೊಂಟದ ಭಾರ ಇಳಿಸುವ ಯಂತ್ರ ಅದೇ ಸೊಂಟದ ಕೂಲಿಯನ್ನೂ ಕಸಿಯುತ್ತದೆ. ಅದಕ್ಕೇ ಮೊದಲು ಸಣ್ಣ ಕೆಲಸಗಳನ್ನು ನೋಡೋಣ ಅನ್ನಿಸುತ್ತದೆ: ಒಬ್ಬರೇ ಸಾಲಿನಿಂದ ಸಾಲಿಗೆ ಒಯ್ಯಬಹುದಾದ ಮಡಚುವ ಸ್ಟ್ಯಾಂಡ್, ಲಾರಿಗೆ ಏರಿಸಲು ಕೈಯಿಂದ ತಿರುಗಿಸುವ ಎತ್ತುಯಂತ್ರ, ಮಣಿಕಟ್ಟು ನೆಟ್ಟಗಿರುವಂಥ ಹಿಡಿಕೆ, ಗದ್ದೆಯಲ್ಲೇ ಮಚ್ಚು ಮಸೆಯುವ ವ್ಯವಸ್ಥೆ. ಷರತ್ತು ಒಂದೇ, ದಿನಕ್ಕೆ ಕಡಿಯುವ ಟನ್ ಕಡಿಮೆಯಾಗಬಾರದು. ಕಡಿಮೆಯಾದರೆ ಎಷ್ಟೇ ಚೆನ್ನಾದ ಸಾಧನವನ್ನೂ ಅವರು ಬದುವಿನ ಮೇಲೆ ಇಟ್ಟುಬಿಡುತ್ತಾರೆ, ಇಡಲೂಬೇಕು.

ಕೊನೆಗೆ ಒಂದು ಅಭ್ಯಾಸ. ರಜೆಗೆ ಊರಿಗೆ ಹೋದಾಗ ರಾಗಿಯೋ ಭತ್ತವೋ ಕೊಯ್ಯುವವರು ಎಷ್ಟು ಬಾಗುತ್ತಾರೆ, ಎಷ್ಟು ಹೊತ್ತು ಬಾಗಿರುತ್ತಾರೆ, ಹೊರೆ ಎಷ್ಟು ತೂಗುತ್ತದೆ ನೋಡಿ, ಮೇಲಿನ ಲೆಕ್ಕವನ್ನು ಆ ಅಂಕಿಗಳಿಂದ ಮತ್ತೆ ಮಾಡಿ. ಜೊತೆಗೆ ಎಲ್ಲಿ ನೋವು, ಯಾವ ಕೆಲಸ ಮಾಡಿದ ದಿನ ಹೆಚ್ಚು ಅಂತ ಅವರನ್ನೇ ಕೇಳಿ. ಉತ್ತರ ಸಿಕ್ಕಿದವರು ಕ್ಲಬ್ಬಿಗೆ ಬರೆದು ಕಳಿಸಿ. ಈ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವವರೂ ನಮ್ಮಲ್ಲಿ ಬಹಳ ಜನ ಇದ್ದೇವೆ.