ತಲೆ-ಕುತ್ತಿಗೆಯ ಗಡ್ಡೆಗಳು ಮತ್ತು ಎಂ.ಆರ್.ಐ. ಪರೀಕ್ಷೆ

ನಾಲಗೆಯ ಅಂಚಿನ ಹುಣ್ಣು ಕಣ್ಣಿಗೆ ಕಡಲೆಕಾಳಿನಷ್ಟೇ ಕಾಣಬಹುದು. ಅದು ಒಳಗೆ ಎಷ್ಟು ಆಳಕ್ಕಿಳಿದಿದೆ ಎಂಬುದು ಮೇಲ್ನೋಟಕ್ಕೆ ತಿಳಿಯದು. ಅದು ಕ್ಯಾನ್ಸರ್ ಆಗಿದ್ದರೆ ಚಿಕಿತ್ಸೆಯ ಸ್ವರೂಪವು ಬಹುಮಟ್ಟಿಗೆ ಈ ಆಳವನ್ನೇ ಅವಲಂಬಿಸುತ್ತದೆ. ಶಸ್ತ್ರಚಿಕಿತ್ಸೆಗೆ ಮುನ್ನವೇ ಅದನ್ನು ಅರಿಯಲು ಎಂ.ಆರ್.ಐ. ನೆರವಾಗುತ್ತದೆ.

ಕಾರ್ಯವಿಧಾನ

ನಮ್ಮ ದೇಹದ ಬಹುಭಾಗ ನೀರು; ನೀರಿನಲ್ಲಿ ಜಲಜನಕದ ಪರಮಾಣುಗಳಿವೆ. ಪ್ರಬಲ ಕಾಂತಕ್ಷೇತ್ರದಲ್ಲಿ ಅವುಗಳ ಬೀಜಕೇಂದ್ರಗಳು ಒಂದು ಕ್ರಮಕ್ಕೆ ಬರುತ್ತವೆ. ರೇಡಿಯೋ ತರಂಗಗಳು ಆ ಕ್ರಮವನ್ನು ಕದಡುತ್ತವೆ. ತರಂಗ ನಿಂತೊಡನೆ ಅವು ಪೂರ್ವಸ್ಥಿತಿಗೆ ಮರಳುತ್ತ ಸಂಕೇತಗಳನ್ನು ಹೊರಸೂಸುತ್ತವೆ. ಸ್ನಾಯು, ಕೊಬ್ಬು, ಗಡ್ಡೆಗಳಲ್ಲಿ ಈ ಮರಳುವಿಕೆಯ ವೇಗ ಬೇರೆ ಬೇರೆ. ಆ ವ್ಯತ್ಯಾಸವೇ ಚಿತ್ರವಾಗಿ ಮೂಡುತ್ತದೆ. ಇದರಲ್ಲಿ ಕ್ಷ-ಕಿರಣಗಳ ಬಳಕೆಯಿಲ್ಲ. ಈ ಚಿತ್ರಣದ ಶೋಧಕ್ಕಾಗಿ ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ತಿಳಿದುಬರುವ ಸಂಗತಿಗಳು

ಮೊದಲನೆಯದು ಆಳ. ಬಾಯಿಯ ಕ್ಯಾನ್ಸರಿನ ಹಂತವನ್ನು ನಿರ್ಣಯಿಸುವಾಗ ಗಾತ್ರದೊಡನೆ ಆಳವನ್ನೂ ಪರಿಗಣಿಸಲಾಗುತ್ತದೆ. 2 ಸೆಂ.ಮೀ. ಮೀರದ ಗಡ್ಡೆಯಾದರೂ ಆಳ 5 ಮಿ.ಮೀ. ದಾಟಿದರೆ ಅದು ಮೊದಲನೆಯ ವರ್ಗದಿಂದ ಎರಡನೆಯದಕ್ಕೆ ಏರುತ್ತದೆ. ಆಳ ಹೆಚ್ಚಿದಂತೆ ಕುತ್ತಿಗೆಯ ದುಗ್ಧಗ್ರಂಥಿಗಳಿಗೆ ರೋಗ ಹರಡುವ ಸಂಭವವೂ ಹೆಚ್ಚು.

ಎರಡನೆಯದು ನರಗಳ ಸ್ಥಿತಿ. ಕೆಲವು ಗಡ್ಡೆಗಳು, ವಿಶೇಷವಾಗಿ ಲಾಲಾಗ್ರಂಥಿಯ ಕೆಲವು ಕ್ಯಾನ್ಸರುಗಳು, ನರದ ಗುಂಟ ತಲೆಬುರುಡೆಯ ತಳದವರೆಗೂ ಸಾಗಬಲ್ಲವು. ಮೂರನೆಯದು ದವಡೆಯ ಮೂಳೆಯೊಳಗಿನ ಮಜ್ಜೆ. ಮೂಳೆಯ ಹೊರಪದರದ ಸೂಕ್ಷ್ಮ ಸವೆತವನ್ನು ಕಾಣಲು ಮಾತ್ರ ಸಿ.ಟಿ. ಸ್ಕ್ಯಾನ್ ಹೆಚ್ಚು ಉಪಯುಕ್ತ.

ಒಂದು ಮಾತನ್ನು ಮರೆಯಬಾರದು: ಗಡ್ಡೆಯ ವ್ಯಾಪ್ತಿಯನ್ನು ಎಂ.ಆರ್.ಐ. ತೋರಿಸುತ್ತದೆ, ಅದು ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದನ್ನು ಖಚಿತಪಡಿಸುವುದು ಬಯಾಪ್ಸಿ. ಒಂದು ಮತ್ತೊಂದಕ್ಕೆ ಬದಲಿಯಲ್ಲ.

ಪರೀಕ್ಷೆಗೆ ಮುನ್ನ

ಹೃದಯದ ಪೇಸ್‌ಮೇಕರ್, ಕಿವಿಯೊಳಗಿನ ಶ್ರವಣಸಾಧನ, ಮೆದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ಕಣ್ಣಿಗೆ ಸಿಡಿದ ಲೋಹದ ಚೂರು ಇದ್ದರೆ ತಪ್ಪದೆ ತಿಳಿಸಬೇಕು. ಗ್ಯಾಡೊಲಿನಿಯಂ ಔಷಧವನ್ನು ಚುಚ್ಚುವ ಸಂದರ್ಭವಿರುವುದರಿಂದ ಮೂತ್ರಪಿಂಡದ ತೊಂದರೆಯನ್ನೂ ಹೇಳಬೇಕು. ತೆಗೆಯಬಹುದಾದ ಹಲ್ಲಿನ ಸೆಟ್ಟನ್ನು ತೆಗೆದಿಡಬೇಕು. ಯಂತ್ರದ ಸದ್ದು ಜೋರಾಗಿರುತ್ತದೆ. ಕಿವಿಗೆ ರಕ್ಷಣೆ ನೀಡುತ್ತಾರೆ. ಚಿತ್ರ ತೆಗೆಯುವಾಗ ನಾಲಗೆ ಆಡಿಸಿದರೂ, ಪದೇ ಪದೇ ಉಗುಳು ನುಂಗಿದರೂ ಚಿತ್ರ ಮಸುಕಾಗುತ್ತದೆ.

ತಂಬಾಕು ಮತ್ತು ಅಡಿಕೆ ಎರಡೂ ಕ್ಯಾನ್ಸರ್‌ಕಾರಕಗಳೆಂದು ಸಾಬೀತಾಗಿದೆ. ಮೂರು ವಾರ ಕಳೆದರೂ ಮಾಯದ ಹುಣ್ಣು, ಕರಗದ ಕುತ್ತಿಗೆಯ ಗಂಟು, ತಿಳಿಯಾಗದ ಸ್ವರ—ಇವು ನೋವಿಲ್ಲದಿದ್ದರೂ ವೈದ್ಯರಿಗೆ ತೋರಿಸಲೇಬೇಕಾದವು. ಆಳ ಕೆಲವೇ ಮಿಲಿಮೀಟರುಗಳಷ್ಟಿರುವಾಗಲೇ ಪರೀಕ್ಷೆಯಾದರೆ ನಾಲಗೆಯ ಬಹುಭಾಗವನ್ನೂ ಮಾತನ್ನೂ ಉಳಿಸಿಕೊಳ್ಳುವ ಅವಕಾಶ ಹೆಚ್ಚು.