ಗಾಯವಿಲ್ಲದ ಹಕ್ಕಿಗಷ್ಟೆ ಗಾಳಿಯ ವೇಗ

ಪೋಕೆಮಾನ್ ಕದನದಲ್ಲಿ ಟ್ಯಾಲನ್‌ಫ್ಲೇಮ್ ಎಂಬ ಬೆಂಕಿಯ ಗಿಡುಗವನ್ನು ನೆಚ್ಚಿ ಸೋತವರ ದೂರು ಸಾಮಾನ್ಯವಾಗಿ ಒಂದೇ ಬಗೆಯದು: ಮೊದಲು ಎರಗಬೇಕಾಗಿದ್ದ ಹಕ್ಕಿ ಎರಗಲಿಲ್ಲ, ಆದುದರಿಂದ ಆಟದಲ್ಲಿಯೇ ಏನೋ ದೋಷವಿದೆ. ಹೋದ ಬೇಸಗೆಯ ರಜೆಗೆ ಬಂದಿದ್ದ ನನ್ನ ಸೋದರಳಿಯನ ದೂರೂ ಇದೇ ಆಗಿತ್ತು. ನಾನು ಪಕ್ಕದಲ್ಲಿಯೇ ಕುಳಿತಿದ್ದೆ. ಎದುರಾಳಿಯ ಟಿರಾನಿಟಾರ್ ಎಬ್ಬಿಸಿದ ಮರಳುಗಾಳಿ ಬೀಸುತ್ತಿದ್ದಾಗ ಇವನು ಹಕ್ಕಿಯನ್ನು ಕಣಕ್ಕೆ ಕರೆದ; ಅದೇ ಸರದಿಯಲ್ಲಿ ಎದುರಾಳಿ ಟಿರಾನಿಟಾರನ್ನು ಹಿಂದಕ್ಕೆ ಸೇದಿಕೊಂಡು ವೇಗ ಹೆಚ್ಚಿಸುವ ಚಾಯ್ಸ್ ಸ್ಕಾರ್ಫ್ ತೊಟ್ಟ ಗಾರ್ಚೋಂಪನ್ನು ನಿಲ್ಲಿಸಿದ. ಸರದಿ ಮುಗಿಯುವಾಗ ಹಕ್ಕಿಯ 153 ಎಚ್‌ಪಿಯಲ್ಲಿ ಮರಳು ಒಂಬತ್ತನ್ನು ಕೆರೆದುಕೊಂಡು 144 ಉಳಿಸಿತು. ಮುಂದಿನ ಸರದಿಯಲ್ಲಿ ಬ್ರೇವ್ ಬರ್ಡ್ ಹೊರಡುವ ಮೊದಲೇ ರಾಕ್ ಸ್ಲೈಡ್ ಬಂದು ಬಿತ್ತು. "ಮೋಸ ಮಾವ, ಗೇಲ್ ವಿಂಗ್ಸ್ ಇದೆಯಲ್ಲ!" ಎಂದ ಹುಡುಗ. ಗೇಲ್ ವಿಂಗ್ಸ್ ಇತ್ತು; ಆ ಒಂಬತ್ತು ಅಂಕ ಮಾತ್ರ ಇರಲಿಲ್ಲ.

ಹಿನ್ನೆಲೆ ಇಷ್ಟೆ. 2013ರಲ್ಲಿ ಎಕ್ಸ್ ಮತ್ತು ವೈ ಆಟಗಳೊಡನೆ ಈ ಹಕ್ಕಿ ಬಂದಾಗ, ಹಾರುವ ವರ್ಗದ ಅದರ ಪ್ರತಿಯೊಂದು ಪಟ್ಟಿಗೂ ಗೇಲ್ ವಿಂಗ್ಸ್ ಎಂಬ ಎಬಿಲಿಟಿ ನಿರ್ಬಂಧವಿಲ್ಲದೆ ಮೊದಲು ಎರಗುವ ಆದ್ಯತೆ ಕೊಡುತ್ತಿತ್ತು. 2014ರಲ್ಲಿ ವಾಷಿಂಗ್ಟನ್ನಿನಲ್ಲಿ ವಿಶ್ವಚಾಂಪಿಯನ್ ಆದ ದಕ್ಷಿಣ ಕೊರಿಯಾದ ಸೆಜುನ್ ಪಾರ್ಕರ ತಂಡದಲ್ಲಿ ಎಲ್ಲರಿಗೂ ನೆನಪಿರುವುದು ಪಚಿರಿಸು ಎಂಬ ಅಳಿಲಾದರೂ, ಟ್ಯಾಲನ್‌ಫ್ಲೇಮ್ ಕೂಡ ಅದೇ ತಂಡದಲ್ಲಿತ್ತು. 2016ರ ಸನ್ ಮತ್ತು ಮೂನ್ ಆಟಗಳು ಈ ವರಕ್ಕೆ ಒಂದು ಷರತ್ತನ್ನು ಕಟ್ಟಿದವು: ಎಚ್‌ಪಿ ಪೂರ್ಣವಾಗಿದ್ದರೆ ಮಾತ್ರ ಆದ್ಯತೆ. ಹಳೆಯ ಸಲಹೆಗಳನ್ನು ಓದಿ ಹೊಸ ಆಟವಾಡುವವರಿಗೆ ಈ ಷರತ್ತೇ ತಿಳಿದಿರುವುದಿಲ್ಲ.

ಸಿದ್ಧತೆಯಲ್ಲಿ ಮೊದಲು ನೋಡತಕ್ಕದ್ದು ಎಬಿಲಿಟಿ. ಕಾಡಿನಲ್ಲಿ ಹಿಡಿದ ಫ್ಲೆಚ್‌ಲಿಂಗ್ 17ನೆಯ ಮತ್ತು 35ನೆಯ ಹಂತಗಳಲ್ಲಿ ರೂಪಾಂತರ ಹೊಂದಿ ಟ್ಯಾಲನ್‌ಫ್ಲೇಮ್ ಆದಾಗ ಅದಕ್ಕೆ ಸಾಮಾನ್ಯವಾಗಿ ಇರುವುದು ಫ್ಲೇಮ್ ಬಾಡಿ. ಗೇಲ್ ವಿಂಗ್ಸ್ ಗುಪ್ತ ಎಬಿಲಿಟಿಯಾದುದರಿಂದ ಎಬಿಲಿಟಿ ಪ್ಯಾಚ್ ಒಂದನ್ನು ಖರ್ಚುಮಾಡದೆ ಗತ್ಯಂತರವಿಲ್ಲ. ನೇಚರ್ ಜಾಲಿ ಇರಲಿ. ಇವಿ ಅಂಕಗಳಲ್ಲಿ ವೇಗಕ್ಕೆ 252, ಅಟ್ಯಾಕ್‌ಗೆ 252.

ಉಳಿದ ನಾಲ್ಕು ಅಂಕಗಳ ವಿಷಯದಲ್ಲಿ ವಾಚಕರು ದಯವಿಟ್ಟು ತುಸು ನಿಲ್ಲಬೇಕು. ಚಿಲ್ಲರೆ ಉಳಿದರೆ ಹುಂಡಿಗೆ ಹಾಕುವ ಹಾಗೆ ಅವನ್ನು ಎಚ್‌ಪಿಗೆ ಹಾಕುವುದು ಎಲ್ಲರ ರೂಢಿ. ಈ ಹಕ್ಕಿಯ ಮಟ್ಟಿಗೆ ಅದು ಆತ್ಮಘಾತಕ. ಸ್ಟೆಲ್ತ್ ರಾಕ್ ಎಂಬ ಕಲ್ಲುಗಳು ಹರಡಿರುವ ಕಣಕ್ಕೆ ಬೆಂಕಿ ಮತ್ತು ಹಾರುವ ವರ್ಗಗಳೆರಡನ್ನೂ ಹೊತ್ತ ಪ್ರಾಣಿ ಕಾಲಿಟ್ಟರೆ ಪ್ರತಿಸಲವೂ ಅದರ ಪೂರ್ಣ ಎಚ್‌ಪಿಯ ಅರ್ಧ ಹೋಗುತ್ತದೆ, ಭಿನ್ನಾಂಶವನ್ನು ಆಟ ಬಿಟ್ಟುಬಿಡುತ್ತದೆ. 50ನೆಯ ಹಂತದಲ್ಲಿ, ಐವಿ ಪೂರ್ಣವಾಗಿದ್ದು ಇವಿ ಏನನ್ನೂ ಹಾಕದ ಹಕ್ಕಿಗೆ 153 ಎಚ್‌ಪಿ. ಒಮ್ಮೆ ಬಂದರೆ 76 ಹೋಗಿ 77, ಇನ್ನೊಮ್ಮೆ ಬಂದರೆ 76 ಹೋಗಿ ಒಂದೇ ಒಂದು ಉಳಿಯುತ್ತದೆ, ಆದರೂ ಹಕ್ಕಿ ಬದುಕಿರುತ್ತದೆ ಮತ್ತು ಕೊನೆಯದೊಂದು ಪೆಟ್ಟು ಹೊಡೆಯಬಲ್ಲದು. ಆ ನಾಲ್ಕು ಇವಿ ಹಾಕಿದಿರೋ, ಎಚ್‌ಪಿ 154 ಆಗಿ, ಎರಡನೆಯ ಪ್ರವೇಶದಲ್ಲಿ 77ಕ್ಕೆ 77 ಸರಿಹೋಗಿ ಹಕ್ಕಿ ನೆಲಕ್ಕೆ ಬೀಳುತ್ತದೆ. ಒಂದು ಎಚ್‌ಪಿ ಹೆಚ್ಚಿಸಿದುದರ ಫಲವಾಗಿ ಒಂದು ಜೀವ ಹೋಯಿತು! ಆ ನಾಲ್ಕನ್ನು ಸ್ಪೆಷಲ್ ಡಿಫೆನ್ಸಿಗೆ ಹಾಕಿ. ಕಲ್ಲನ್ನು ತಡೆಯುವ ಹೆವಿ-ಡ್ಯೂಟಿ ಬೂಟ್ಸ್ ಇರುವಾಗ ಈ ಲೆಕ್ಕವೇಕೆ ಎಂದು ಕೇಳುವವರು, ನಾಕ್ ಆಫ್ ಎಂಬ ಒಂದೇ ಪೆಟ್ಟಿಗೆ ಬೂಟ್ಸ್ ಕಳಚಿಹೋಗುತ್ತದೆಂಬುದನ್ನು ಮರೆತಿರುತ್ತಾರೆ. ನಾನೂ ಮರೆತು ಎರಡು ಪಂದ್ಯ ಸೋತಿದ್ದೇನೆ.

ಹಾಗೆಂದು ಬೂಟ್ಸ್ ಬೇಡವೆಂದಲ್ಲ. 2019ರ ಸ್ವೋರ್ಡ್ ಮತ್ತು ಶೀಲ್ಡ್ ಆಟಗಳಿಂದ ದೊರೆಯುತ್ತಿರುವ ಹೆವಿ-ಡ್ಯೂಟಿ ಬೂಟ್ಸ್ ಇಲ್ಲದೆ ಈ ಹಕ್ಕಿಯನ್ನು ಕಳುಹಿಸಲೇಬಾರದು. ಲೈಫ್ ಆರ್ಬ್ ತೊಡಿಸುವವರನ್ನು ಕಂಡರೆ ನನಗೆ ಮರುಕವುಂಟಾಗುತ್ತದೆ: ಪ್ರತಿ ಪೆಟ್ಟಿಗೂ ತನ್ನ ಎಚ್‌ಪಿಯ ಹತ್ತನೆಯ ಒಂದು ಭಾಗವನ್ನು ಸುಂಕ ಕಟ್ಟುತ್ತ ಪೂರ್ಣ ಎಚ್‌ಪಿಯ ವರವನ್ನು ಬಯಸುವುದೆಂತು?

ಪಟ್ಟುಗಳು ನಾಲ್ಕು: ಬ್ರೇವ್ ಬರ್ಡ್, ಫ್ಲೇರ್ ಬ್ಲಿಟ್ಜ್, ಯು-ಟರ್ನ್, ರೂಸ್ಟ್. ಇವುಗಳಲ್ಲಿ ಫ್ಲೇರ್ ಬ್ಲಿಟ್ಜ್ ಬೆಂಕಿಯ ವರ್ಗದ್ದು, ಯು-ಟರ್ನ್ ಕೀಟದ ವರ್ಗದ್ದು. ಇವೆರಡಕ್ಕೂ ಗೇಲ್ ವಿಂಗ್ಸ್ ಎಂದೂ ಅನ್ವಯಿಸುವುದಿಲ್ಲ. ರೂಸ್ಟ್ ಹಾರುವ ವರ್ಗದ್ದೇ ಆದರೂ, ಎಚ್‌ಪಿ ಪೂರ್ಣವಿದ್ದಾಗ ಚೇತರಿಸಿಕೊಳ್ಳಲು ಏನೂ ಇರದೆ, ಚೇತರಿಕೆ ಬೇಕಾದಾಗ ಆದ್ಯತೆ ಇರದೆ, ಅದರ ಹಳೆಯ ವೈಭವವೆಲ್ಲ ಮಣ್ಣುಗೂಡಿದೆ. ಉಳಿದದ್ದು ಬ್ರೇವ್ ಬರ್ಡ್ ಒಂದೇ; ಅದೂ ತಾನು ಮಾಡಿದ ಹಾನಿಯ ಮೂರನೆಯ ಒಂದು ಭಾಗವನ್ನು ಹಕ್ಕಿಗೇ ಹಿಂದಿರುಗಿಸುವುದರಿಂದ, ಮೊದಲ ಹಾರಾಟವಾದೊಡನೆ ವರ ತೀರಿತೆಂದೇ ತಿಳಿಯತಕ್ಕದ್ದು.

ಆದುದರಿಂದ ಪ್ರಯೋಗದ ಮರ್ಮವೆಲ್ಲ ಆ ಒಂದು ಹಾರಾಟದ ಕಾಲನಿರ್ಣಯದಲ್ಲಿದೆ. ಎದುರಿನವನ ಕೊನೆಯ ಒಂದೆರಡು ಪ್ರಾಣಿಗಳು ಒಂದೇ ಪೆಟ್ಟಿಗೆ ಬೀಳುವಷ್ಟು ದಣಿದಿರಬೇಕು. ನಿಮ್ಮ ಇನ್ನೊಂದು ಪ್ರಾಣಿ ಬಿದ್ದು ತೆರವಾದ ಜಾಗಕ್ಕೇ ಹಕ್ಕಿ ಬರಬೇಕು, ಏಕೆಂದರೆ ಸರದಿಯ ನಡುವೆ ಬದಲಾಯಿಸಿ ಕರೆತಂದರೆ ಬರುವಾಗಲೇ ಒಂದು ಪೆಟ್ಟು ತಿನ್ನುತ್ತದೆ. ಮರಳುಗಾಳಿ ಇರಬಾರದು, ಬೂಟ್ಸ್ ಕಲ್ಲನ್ನು ತಡೆಯುತ್ತದೆಯೇ ಹೊರತು ಮರಳನ್ನಲ್ಲ. ಸೈಕಿಕ್ ಟೆರೇನ್ ಹಾಸಿದ್ದರೆ ನೆಲದ ಮೇಲಿರುವ ವೈರಿಗೆ ಆದ್ಯತೆಯ ಪೆಟ್ಟು ತಾಗುವುದೇ ಇಲ್ಲ.

ಎದುರಿಸುವವರಿಗೆ, ಸ್ಥಳಾಭಾವದಿಂದ ಚುಟುಕಾಗಿ. ದೊಡ್ಡ ಪೆಟ್ಟು ಬೇಕಿಲ್ಲ, ಒಂದು ಗೀರು ಸಾಕು: ಟಿರಾನಿಟಾರಿನ ಮರಳೇ ಅದಕ್ಕೆ ಸಾಲುತ್ತದೆ. ವಾಷ್ ರೋಟಮ್ ಅದರ ಬೆಂಕಿಯನ್ನೂ ರೆಕ್ಕೆಯನ್ನೂ ತಾಳಿಕೊಳ್ಳುತ್ತದೆ. ಫ್ಲಾಶ್ ಫೈರ್ ಇರುವ ಹೀಟ್ರಾನ್ ಬೆಂಕಿಯನ್ನು ನುಂಗುತ್ತದೆ. ಡ್ರಾಗೊನೈಟಿನ ಎಕ್ಸ್‌ಟ್ರೀಮ್ ಸ್ಪೀಡ್ ಗೇಲ್ ವಿಂಗ್ಸಿಗಿಂತ ಒಂದು ಮೆಟ್ಟಲು ಮೇಲಿನ ಆದ್ಯತೆಯದು. ಜೋಡಿ ಕದನದಲ್ಲಿ ಈ ಹಕ್ಕಿ ಬರುವುದು ಬಹುಮಟ್ಟಿಗೆ ಟೇಲ್‌ವಿಂಡ್ ಬೀಸಲಿಕ್ಕೆ. ಮೊದಲ ಸರದಿಯಲ್ಲಿಯೇ ಫೇಕ್ ಔಟ್‌ನಿಂದ ಅದನ್ನು ತಡೆಯಿರಿ, ತಪ್ಪಿದರೆ ನಾಲ್ಕು ಸರದಿಯ ಆ ಗಾಳಿ ಇಳಿಯುವವರೆಗೆ ನಡುನಡುವೆ ಪ್ರೊಟೆಕ್ಟ್ ಹಿಡಿದು ಹೇಗಾದರೂ ಕಾಲ ತಳ್ಳಿ.